ಸೀಗಡಿ ಹಿಡಿಯುವ ಪಟ್ಟಿ: ಸರ್ಕ್ಯೂಟ್ ಬೇಗ ಕೂತಿತು, ಸ್ಯಾಂಪಲ್ ಸತಾಯಿಸಿತು

ಮೇಜಿನ ಮೇಲೆ ಈಗ ಒಂದು ಡಬ್ಬಿ ಕೂತಿದೆ, ಅಂಗೈ ಅಗಲದ್ದು. ಬದಿಯಲ್ಲಿ ಒಂದು ಸೀಳು. ಅದರಲ್ಲಿ ಶುಗರ್ ನೋಡುವ ಪಟ್ಟಿಯಂಥ ಒಂದು ಪಟ್ಟಿ ತೂರಿಸಬೇಕು, ಮೇಲೊಂದು ಹನಿ ಬಿಡಬೇಕು, ಒಂದೆರಡು ನಿಮಿಷ ಕಾಯಬೇಕು. ಸ್ಯಾಂಪಲ್ಲಿನಲ್ಲಿ ಸೀಗಡಿಯ ಪ್ರೋಟೀನ್ ಇದ್ದರೆ ಕರೆಂಟ್ ಏರುತ್ತದೆ. ಕೇಳೋಕೆ ಇಷ್ಟೇ. ಆದರೆ ಆ ಹನಿ ತಯಾರಾಗೋಕೆ ಎರಡು ಗಂಟೆ ಹಿಡಿಯುತ್ತದೆ. ಐದು ತಿಂಗಳು ಇದರ ಹಿಂದೆ ಬಿದ್ದಿದ್ದೆ. ಅದರಲ್ಲಿ ಸರ್ಕ್ಯೂಟ್‌ಗೆ ಹೋದದ್ದು ಬರೀ ಎರಡು ವಾರ, ಉಳಿದದ್ದೆಲ್ಲ ಆ ಹನಿಗೇ.

ಹಿಡಿಯಬೇಕಾದದ್ದು ಏನನ್ನು ಅಂತ ಮೊದಲೇ ಹೇಳಿಬಿಡುತ್ತೇನೆ. ಸೀಗಡಿ, ಏಡಿ, ಲಾಬ್‌ಸ್ಟರ್ ಅಲರ್ಜಿಯಲ್ಲಿ ಮುಖ್ಯವಾಗಿ ಕಾಟ ಕೊಡುವುದು ಟ್ರೋಪೋಮಯೋಸಿನ್ ಅನ್ನುವ ಸ್ನಾಯುವಿನ ಪ್ರೋಟೀನ್. ಎರಡು ಎಳೆ ಹಗ್ಗದ ಹಾಗೆ ಹೊಸೆದುಕೊಂಡಿರುತ್ತವೆ, ಒಂದೊಂದು ಎಳೆ ಸುಮಾರು 34ರಿಂದ 38 ಕಿಲೋಡಾಲ್ಟನ್ (ಅಣುವಿನ ತೂಕದ ಅಳತೆ). ಮಹಾ ಗಟ್ಟಿ ಪಿಂಡ. ಕುದಿಸಿದರೆ ಬೇರೆ ಎಷ್ಟೋ ಪ್ರೋಟೀನ್‌ಗಳು ಮೊಟ್ಟೆಯ ಬಿಳಿಯ ಹಾಗೆ ಗಟ್ಟಿಯಾಗಿ ತಳ ಸೇರುತ್ತವೆ, ಇದು ಮಾತ್ರ ನೀರಿನಲ್ಲಿ ಆರಾಮಾಗಿ ಉಳಿಯುತ್ತದೆ. ಈ ಗುಣದಿಂದ ನನಗೆ ಮುಂದೆ ಉಪಕಾರವೂ ಆಯಿತು, ಪೆಟ್ಟೂ ಬಿತ್ತು. ಧೂಳಿನ ನುಸಿಯಲ್ಲೂ ಜಿರಳೆಯಲ್ಲೂ ಇದರ ದಾಯಾದಿಗಳಿವೆ, ಅದಕ್ಕೇ ನುಸಿ ಅಲರ್ಜಿ ಇರುವ ಕೆಲವರಿಗೆ ಸೀಗಡಿಯೂ ಆಗಿಬರುವುದಿಲ್ಲ. ಮೀನಿನ ಅಲರ್ಜಿಯದು ಬೇರೆಯೇ ಕಥೆ. ಅಲ್ಲಿ ಮುಖ್ಯ ಆರೋಪಿ ಪರ್ವಾಲ್ಬುಮಿನ್, 12 ಕಿಲೋಡಾಲ್ಟನ್ ಆಸುಪಾಸಿನ ಪುಟ್ಟ ಪ್ರೋಟೀನ್. ಹಾಗಾಗಿ ಒಂದೇ ಪಟ್ಟಿಗೆ ‘ಸೀಫುಡ್ ಅಲರ್ಜಿ ಸೆನ್ಸರ್’ ಅಂತ ಹೆಸರಿಡೋದು ನನ್ನ ಪ್ರಕಾರ ತಪ್ಪು. ಇನ್ನು, ಸರಿಯಾಗಿ ತಂಪಾಗಿಡದ ಟ್ಯೂನಾ ತಿಂದು ಮುಖವೆಲ್ಲ ಕೆಂಪಾಗುವುದು ಅಲರ್ಜಿಯೇ ಅಲ್ಲ, ಬ್ಯಾಕ್ಟೀರಿಯಾ ಮಾಡಿಟ್ಟ ಹಿಸ್ಟಮಿನ್‌ನ ಕೆಲಸ. ಅದು ಈ ಡಬ್ಬಿಯ ಕಣ್ಣಿಗೆ ಬೀಳುವುದೇ ಇಲ್ಲ.

ಮೂಲ ಉಪಾಯ ಹಳೆಯದು. 1962ರಲ್ಲಿ ಕ್ಲಾರ್ಕ್ ಮತ್ತು ಲಯನ್ಸ್ ಎಲೆಕ್ಟ್ರೋಡ್ ಮೇಲೆ ಎಂಜೈಮ್ ಕೂರಿಸಿ ಗ್ಲೂಕೋಸ್ ಅಳೆಯುವ ದಾರಿ ತೋರಿಸಿದರು. ಅಲ್ಲಿ ಎಂಜೈಮ್ಮೇ ಗ್ಲೂಕೋಸನ್ನು ಗುರುತಿಸುತ್ತದೆ. ನನ್ನದರಲ್ಲಿ ಗುರುತಿಸೋದು ಆಂಟಿಬಾಡಿ (ತನ್ನ ಗುರಿಯನ್ನು ಹುಡುಕಿ ಕಚ್ಚಿಕೊಳ್ಳುವ ಪ್ರೋಟೀನ್), ಎಂಜೈಮ್ ಅದರ ಬಾಲಕ್ಕೆ ಕಟ್ಟಿದ ಗಂಟೆ ಅಷ್ಟೇ.

ಡಬ್ಬಿ

ಪಟ್ಟಿಯ ಮೇಲೆ ಮೂರು ಎಲೆಕ್ಟ್ರೋಡ್ ಅಚ್ಚು ಹಾಕಿರುತ್ತಾರೆ. ನಡುವೆ 4 ಮಿ.ಮೀ. ಅಗಲದ ಕಾರ್ಬನ್ ಚುಕ್ಕೆ, ಸುತ್ತ ಕಾರ್ಬನ್ ಬಿಲ್ಲು, ಪಕ್ಕದಲ್ಲಿ ಬೆಳ್ಳಿಯ ತುಂಡು. ಇವಕ್ಕೆ ವೋಲ್ಟೇಜ್ ಹಿಡಿದು ಕರೆಂಟ್ ಅಳೆಯುವುದು ಪೊಟೆನ್ಶಿಯೋಸ್ಟಾಟ್‌ನ ಕೆಲಸ. ಆಪ್ ಆಂಪ್ ಜೋಡಿಸಿ ನಾನೇ ಕಟ್ಟಬಹುದಿತ್ತು, ಸೋಮಾರಿತನದಿಂದ ಎಲ್‌ಎಂಪಿ91000 ಚಿಪ್ ಹಾಕಿದೆ. ಒಳಗೇ ಎಲ್ಲ ಇದೆ. ಔಟ್‌ಪುಟ್ ಓದೋಕೆ 16 ಬಿಟ್‌ನ ಎಡಿಎಸ್1115, ವೋಲ್ಟೇಜನ್ನು ಸಂಖ್ಯೆ ಮಾಡಿಕೊಡುವ ಚಿಪ್. ಇವೆರಡನ್ನೂ ಚಿಪ್‌ಗಳು ಮಾತಾಡುವ ಒಂದೇ ಐ2ಸಿ ತಂತಿಗೆ ಕಟ್ಟಿದೆ. ಏನೂ ಓದಲಿಲ್ಲ, ಅಥವಾ ಕಸ ಓದಿತು.

ಇಡೀ ಸಂಜೆ ತಂತಿ ಕಿತ್ತು ಹಾಕಿದ ಮೇಲೆ ಗೊತ್ತಾಯಿತು, ಇಬ್ಬರಿಗೂ ಒಂದೇ ಮನೆ ನಂಬರ್! ಎರಡೂ ಚಿಪ್‌ಗಳ ವಿಳಾಸ ಹೆಕ್ಸಾದಲ್ಲಿ 48. ಎಲ್‌ಎಂಪಿಯದನ್ನು ಬದಲಿಸೋಕೆ ಬರುವುದಿಲ್ಲ. ಎಡಿಎಸ್‌ನ ಅಡ್ರೆಸ್ ಪಿನ್ನನ್ನು ಗ್ರೌಂಡ್‌ನಿಂದ ಬಿಡಿಸಿ ವಿಡಿಡಿಗೆ, ಅಂದರೆ ಸಪ್ಲೈಗೆ, ಕಟ್ಟಿದರೆ 49 ಆಗುತ್ತದೆ. ಆಯಿತು. ಆದರೂ ಎಲ್‌ಎಂಪಿ ನಾನು ಬರೆದದ್ದನ್ನು ಒಪ್ಪುತ್ತಿರಲಿಲ್ಲ. ಬರೆಯೋದು, ಓದಿದರೆ ಹಳೆಯದೇ ಇರೋದು. ಅದರಲ್ಲಿ ಒಂದು ಲಾಕ್ ರಿಜಿಸ್ಟರ್ ಇದೆ, ಪವರ್ ಕೊಟ್ಟಾಗ ಬೀಗ ಹಾಕಿಕೊಂಡೇ ಏಳುತ್ತದೆ. ಮೊದಲು ಅಲ್ಲಿಗೆ ಸೊನ್ನೆ ಬರೆದು ಬೀಗ ತೆಗೆಯಬೇಕು, ಆಮೇಲೆ ಗೇನ್ (ಕರೆಂಟನ್ನು ಎಷ್ಟರಿಂದ ಗುಣಿಸಿ ವೋಲ್ಟೇಜ್ ಮಾಡಬೇಕು ಅನ್ನೋದು), ವೋಲ್ಟೇಜ್. ಜೊತೆಗೆ ಅದು ಏಳುವುದೇ ಗಾಢ ನಿದ್ದೆಯ ಮೋಡ್‌ನಲ್ಲಿ, ಮೂರು ಎಲೆಕ್ಟ್ರೋಡ್ ಮೋಡ್‌ಗೆ ನಾವೇ ಎಬ್ಬಿಸಬೇಕು. ಡೇಟಾಶೀಟ್‌ನಲ್ಲಿ ಎಲ್ಲ ಬರೆದಿದ್ದಾರೆ, ಓದಿರಲಿಲ್ಲ ಅಷ್ಟೇ.

ನನಗೆ ಬೇಕಾದ ವೋಲ್ಟೇಜ್ ಮೈನಸ್ 0.2. ಈ ಚಿಪ್ ವೋಲ್ಟೇಜನ್ನು ರೆಫರೆನ್ಸ್‌ನ ಶೇಕಡಾ ಲೆಕ್ಕದಲ್ಲಿ ಕೊಡುತ್ತದೆ, ಹೆಚ್ಚೆಂದರೆ 24%. ಸುಮ್ನೆ 3.3 ವೋಲ್ಟ್ ಸಪ್ಲೈಯನ್ನೇ ರೆಫರೆನ್ಸ್ ಮಾಡಿದರೆ 6% ಅಂದರೆ 0.198, ಹತ್ತಿರವೇನೋ ಬರುತ್ತದೆ, ಆದರೆ ಸಪ್ಲೈಯ ಗದ್ದಲವೂ ಒಳಗೆ ಬರುತ್ತದೆ. ಹೊರಗಿಂದ 2.5 ವೋಲ್ಟ್ ರೆಫರೆನ್ಸ್ ಕೊಟ್ಟೆ. ಅದರ 8% ಸರಿಯಾಗಿ 0.2. ಪಟ್ಟಿಯ ಬದಲು 10 ಸಾವಿರ ಓಮ್ ರೆಸಿಸ್ಟರ್ ಕಟ್ಟಿ ನೋಡಿದೆ. 20 ಮೈಕ್ರೋಆಂಪ್ ಹರಿಯಬೇಕು, 35 ಸಾವಿರದ ಗೇನ್‌ನಲ್ಲಿ ಅದು 0.7 ವೋಲ್ಟ್, ಅಂದರೆ ರೆಫರೆನ್ಸ್‌ನ ಅರ್ಧವಾದ 1.25ರಿಂದ ಕೆಳಗಿಳಿದು 0.55ಕ್ಕೆ ನಿಲ್ಲಬೇಕು. ನಿಂತಿತು. ಈ ರೆಸಿಸ್ಟರ್ ಪರೀಕ್ಷೆ ಬಿಟ್ಟು ನೇರ ಪಟ್ಟಿ ತೂರಿಸಬೇಡಿ ದಯವಿಟ್ಟು. ಆಮೇಲೆ ತಪ್ಪು ಸರ್ಕ್ಯೂಟ್‌ನದೋ ಕೆಮಿಸ್ಟ್ರಿಯದೋ ಅಂತ ಗೊತ್ತಾಗದೆ ತಲೆ ಕೆಡುತ್ತದೆ.

ಎಡಿಎಸ್‌ನ ±2.048 ವೋಲ್ಟ್ ರೇಂಜ್‌ನಲ್ಲಿ ಒಂದು ಮೆಟ್ಟಿಲು 62.5 ಮೈಕ್ರೋವೋಲ್ಟ್. ಅದನ್ನು 35 ಸಾವಿರಕ್ಕೆ ಭಾಗಿಸಿದರೆ ಸುಮಾರು 1.8 ನ್ಯಾನೋಆಂಪ್, ನನಗೆ ಧಾರಾಳ ಸಾಕು. ಕರೆಂಟ್ ಲೈನಿನ ಗುಂಯ್‌ಗುಡುವಿಕೆ ಮಾತ್ರ ಇತ್ತು. 100 ಮಿಲಿಸೆಕೆಂಡ್‌ನ ರೀಡಿಂಗ್‌ಗಳನ್ನು ಒಟ್ಟು ಮಾಡಿ ಸರಾಸರಿ ತೆಗೆದರೆ 50 ಹರ್ಟ್ಸ್‌ನ ಐದು ಅಲೆ, 60 ಹರ್ಟ್ಸ್‌ನ ಆರು ಅಲೆ ಪೂರ್ತಿ ಕೂರುತ್ತವೆ, ಎರಡೂ ಅಳಿಸಿಹೋಗುತ್ತವೆ. ಸರ್ಕ್ಯೂಟ್ ಕಥೆ ಮುಗಿಯಿತು.

ಆಂಟಿಬಾಡಿಯನ್ನು ಪಟ್ಟಿಗೇ ಅಂಟಿಸಿದ್ದು

ಮೊದಲು ಹಿಡಿದದ್ದು ಚಂದ ಕಾಣುವ ದಾರಿ. ಕಾರ್ಬನ್ ಮೇಲ್ಮೈಯನ್ನು ಸ್ವಲ್ಪ ಆಕ್ಸಿಡೈಸ್ ಮಾಡಿ, ಇಡಿಸಿ ಮತ್ತು ಎನ್‌ಎಚ್‌ಎಸ್ ಅನ್ನುವ ಬೆಸುಗೆ ರಾಸಾಯನಿಕ ಬಳಸಿ ಆಂಟಿಬಾಡಿಯನ್ನು ನೇರ ಅಲ್ಲಿಗೇ ಹೊಲಿದುಬಿಡೋದು. ಆಮೇಲೆ ಎಲೆಕ್ಟ್ರೋಡ್ ಜೊತೆ ಎಲೆಕ್ಟ್ರಾನ್ ವಿನಿಮಯ ಮಾಡುವ ಫೆರಿಸಯನೈಡ್ ದ್ರಾವಣ ಬಿಟ್ಟು ನೋಡಿದರೆ, ಪ್ರೋಟೀನ್ ಬಂದು ಕೂತಷ್ಟೂ ದಾರಿ ಮುಚ್ಚಿ ಕರೆಂಟ್ ಇಳಿಯುತ್ತದೆ. ಎಂಜೈಮ್ ಬೇಡ, ಎರಡನೇ ಆಂಟಿಬಾಡಿ ಬೇಡ. ಇದಕ್ಕೆ ವೋಲ್ಟೇಜನ್ನು ನುಣ್ಣಗೆ ಏರಿಸಿ ಇಳಿಸಬೇಕು. ನನ್ನ ಚಿಪ್‌ನಲ್ಲಿ ಹೆಚ್ಚಿನ ಹೆಜ್ಜೆಗಳು 50 ಮಿಲಿವೋಲ್ಟ್‌ನವು, ಅದಕ್ಕೆ ಲ್ಯಾಬ್‌ನ ದೊಡ್ಡ ಮಷೀನ್ ಬೇಡಿ ತಂದೆ.

ಶುದ್ಧ ಟ್ರೋಪೋಮಯೋಸಿನ್ ಹಾಕಿದಾಗ ಕರೆಂಟ್ ಚೆನ್ನಾಗಿ ಇಳಿಯಿತು. ಕುಣಿದಾಡಿದೆ. ಮಾರನೇ ದಿನ ಬರೀ ಮೀನಿನ ಸಾರ ಹಾಕಿದೆ, ಸೀಗಡಿಯ ಸುಳಿವೂ ಇಲ್ಲದ್ದು. ಅಷ್ಟೇ ಇಳಿಯಿತು.

ಕಾರಣ ಸರಳ. ದಾರಿಗೆ ಅಡ್ಡ ಯಾರು ಬಂದು ಕೂತರೂ ಕರೆಂಟ್ ಇಳಿಯುತ್ತದೆ, ಅವರು ಯಾರು ಅಂತ ಫೆರಿಸಯನೈಡ್ ಕೇಳುವುದಿಲ್ಲ. ಮೀನಿನ ಸಾರದಲ್ಲಿ ಪ್ರೋಟೀನ್ ಇದೆ, ಕೊಬ್ಬಿದೆ, ಎಲ್ಲವೂ ಕಾರ್ಬನ್‌ಗೆ ಅಂಟುತ್ತವೆ. ಬಿಎಸ್‌ಎ ಅನ್ನುವ ಪ್ರೋಟೀನ್ ಹಾಕಿ ಖಾಲಿ ಜಾಗ ಮುಚ್ಚಿ ನೋಡಿದೆ, ಸೋಪಿನಂಥ ಟ್ವೀನ್ ಹಾಕಿ ತೊಳೆದು ನೋಡಿದೆ. ಕಡಿಮೆಯಾಯಿತು, ಹೋಗಲಿಲ್ಲ. ಬರೀ ಬಫರ್‌ನಲ್ಲಿ (ಹುಳಿ-ಕ್ಷಾರ ಏರುಪೇರಾಗದಂತೆ ಕಲಸಿದ ನೀರು) ಚಂದದ ಗ್ರಾಫ್ ತೆಗೆದು ತೋರಿಸಿದವರನ್ನು ಕಂಡರೆ ಅವತ್ತಿನಿಂದ ಸ್ವಲ್ಪ ಅನುಮಾನ ನನಗೆ. ಒಂದು ತಿಂಗಳ ಕೆಲಸ ಬದಿಗಿಟ್ಟೆ.

ಬೀಡ್

ಎರಡನೇ ದಾರಿ ಮ್ಯಾಗ್ನೆಟಿಕ್ ಬೀಡ್. 2.8 ಮೈಕ್ರೋಮೀಟರ್‌ನ ಗುಂಡುಗಳು, ಮೈತುಂಬ ಸ್ಟ್ರೆಪ್ಟಾವಿಡಿನ್, ಬಯೋಟಿನ್ ಕಂಡರೆ ಬಿಡದ ಪ್ರೋಟೀನ್. ಬಯೋಟಿನ್ ಹಚ್ಚಿದ ಆಂಟಿಬಾಡಿ ಅದಕ್ಕೆ ಕಚ್ಚಿಕೊಳ್ಳುತ್ತದೆ, ಆ ಆಂಟಿಬಾಡಿ ಟ್ರೋಪೋಮಯೋಸಿನ್ ಹಿಡಿಯುತ್ತದೆ, ಅದರ ಮೇಲೆ ಎಚ್‌ಆರ್‌ಪಿ ಅನ್ನುವ ಪೆರಾಕ್ಸಿಡೇಸ್ ಕಟ್ಟಿದ ಎರಡನೇ ಆಂಟಿಬಾಡಿ ಕೂರುತ್ತದೆ. ಇಷ್ಟೆಲ್ಲ ಟ್ಯೂಬಿನಲ್ಲೇ ನಡೆಯುತ್ತದೆ. ಪ್ರತಿ ಹಂತದಲ್ಲೂ ಮ್ಯಾಗ್ನೆಟ್ ಪಕ್ಕಕ್ಕಿಟ್ಟು ಬೀಡ್‌ಗಳನ್ನು ಗೋಡೆಗೆ ಎಳೆದು, ಕೊಳಕು ನೀರು ಹೀರಿ ತೆಗೆದು, ಮೂರು ಸಲ ತೊಳೆಯಬಹುದು. ಮೀನಿನ ಕೊಬ್ಬು, ರಕ್ತ, ಉಪ್ಪು ಎಲ್ಲ ಅಲ್ಲೇ ಹೋಗುತ್ತದೆ. ರಕ್ತದ ಹಿಮೋಗ್ಲೋಬಿನ್ ತಾನೂ ಪೆರಾಕ್ಸಿಡೇಸ್‌ನ ಹಾಗೆ ಆಡುತ್ತದೆ, ಆದ್ದರಿಂದ ಈ ತೊಳೆಯೋದು ಬಿಟ್ಟರೆ ಕೆಲಸ ಕೆಟ್ಟ ಹಾಗೇ. ಎಲೆಕ್ಟ್ರೋಡ್ ಮಾತ್ರ ಕೊನೆಯ ತನಕ ಸ್ವಚ್ಛವಾಗಿರುತ್ತದೆ.

ಕೊನೆಗೆ ಬೀಡ್‌ಗಳನ್ನು ಪಟ್ಟಿಯ ಮೇಲೆ ಬಿಟ್ಟು, ಕೆಳಗೆ ಮ್ಯಾಗ್ನೆಟ್ ಇಟ್ಟು ಕಾರ್ಬನ್ ಚುಕ್ಕೆಯ ಮೇಲೆ ಕೂರಿಸೋದು. ಹೈಡ್ರೋಕ್ವಿನೋನ್ ಇರುವ ಬಫರ್ 45 ಮೈಕ್ರೋಲೀಟರ್, ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್. ಎಚ್‌ಆರ್‌ಪಿ ಇದ್ದಷ್ಟೂ ಹೈಡ್ರೋಕ್ವಿನೋನ್ ಕ್ವಿನೋನ್ ಆಗುತ್ತದೆ, ಮೈನಸ್ 0.2 ವೋಲ್ಟ್‌ನಲ್ಲಿ ಎಲೆಕ್ಟ್ರೋಡ್ ಅದನ್ನು ವಾಪಸ್ ಹೈಡ್ರೋಕ್ವಿನೋನ್ ಮಾಡುತ್ತದೆ, ಆ ವಾಪಸಾತಿಯ ಕರೆಂಟೇ ನಮ್ಮ ಉತ್ತರ. ವೋಲ್ಟೇಜ್ ಒಂದೇ ಕಡೆ ನಿಲ್ಲುವುದರಿಂದ ನನ್ನ ಅಗ್ಗದ ಚಿಪ್ ಸಾಕಾಯಿತು.

ಮ್ಯಾಗ್ನೆಟ್ ವಿಷಯದಲ್ಲಿ ಒಂದು ಮಾತು. ಜೋರಾಗಿರಲಿ ಅಂತ 10 ಮಿ.ಮೀ. ಅಗಲದ್ದು ಇಟ್ಟಿದ್ದೆ. ಬೀಡ್‌ಗಳೆಲ್ಲ ಅದರ ಅಂಚಿಗೆ ಓಡಿ ಬಳೆಯ ಹಾಗೆ ಕೂತವು, ನಡುವಿನ ಚುಕ್ಕೆ ಖಾಲಿ. ಎಳೆತ ಜಾಸ್ತಿ ಇರೋದು ಅಂಚಿನಲ್ಲೇ. 3 ಮಿ.ಮೀ.ದು ಹಾಕಿದ ಮೇಲೆ ಸರಿಹೋಯಿತು.

ಮೊದಲ ಓಟದಲ್ಲಿ ಸಿಗ್ನಲ್ಲೇ ಇಲ್ಲ. ನೂರು ನ್ಯಾನೋಗ್ರಾಂ ಹಾಕಿದರೂ ಸೊನ್ನೆ. ಆಂಟಿಬಾಡಿ ಸತ್ತಿದೆ ಅಂದುಕೊಂಡೆ, ಬೀಡ್ ಹಳೆಯದು ಅಂದುಕೊಂಡೆ. ಕೊನೆಗೆ ಬೀಡ್, ಸ್ಯಾಂಪಲ್ ಎಲ್ಲ ಬಿಟ್ಟು ಎಚ್‌ಆರ್‌ಪಿ ಆಂಟಿಬಾಡಿಯ ಒಂದು ಹನಿಯನ್ನೇ ನೇರ ಹೈಡ್ರೋಕ್ವಿನೋನ್‌ಗೆ ಹಾಕಿದೆ, ಎರಡು ಬೇರೆ ಬೇರೆ ಬಫರ್‌ನಲ್ಲಿ. ಹೊಸದಾಗಿ ಕಲಸಿದ್ದರಲ್ಲಿ ಕರೆಂಟ್ ಚಿಮ್ಮಿತು, ಫ್ರಿಜ್‌ನಲ್ಲಿದ್ದದ್ದರಲ್ಲಿ ಸಪ್ಪೆ. ಆ ಬಾಟಲಿ ಹಂಚಿಕೊಂಡು ಬಳಸುವ ಬಾಟಲಿ. ಬೂಸ್ಟು ಬರಬಾರದು ಅಂತ ಯಾರೋ ಪುಣ್ಯಾತ್ಮರು ಸೋಡಿಯಂ ಅಜೈಡ್ ಹಾಕಿಟ್ಟಿದ್ದರು, ಚೀಟಿಯಲ್ಲಿ ಬರೆದಿರಲಿಲ್ಲ. ಅಜೈಡ್ ಎಚ್‌ಆರ್‌ಪಿಯ ಕತ್ತು ಹಿಸುಕುತ್ತದೆ. ಬೂಸ್ಟೂ ಬರಲಿಲ್ಲ, ಸಿಗ್ನಲ್ಲೂ ಬರಲಿಲ್ಲ. ಬಫರ್ ಈಗ ನಾನೇ ವಾರಕ್ಕೊಮ್ಮೆ ಕಲಸುತ್ತೇನೆ, ಹೈಡ್ರೋಕ್ವಿನೋನ್ ದಿನಾ ಹೊಸದು. ಅದು ಗಾಳಿಗೆ ಕಂದು ಬಣ್ಣಕ್ಕೆ ತಿರುಗಿದರೆ ಚೆಲ್ಲಿಬಿಡಿ, ಕ್ವಿನೋನ್ ಆಗಲೇ ಆಗಿಹೋಗಿದೆ ಅಂತ ಅರ್ಥ.

ಸಿಗ್ನಲ್ ಬಂತು, ಆದರೆ ಒಂದೇ ಸ್ಯಾಂಪಲ್ ಪಟ್ಟಿಯಿಂದ ಪಟ್ಟಿಗೆ ಬೇರೆ ಬೇರೆ. ಇದು ಬೆಳ್ಳಿಯ ತಕರಾರು, ಮೈನಸ್ 0.2 ಅನ್ನೋದು ಅದಕ್ಕೆ ಹೋಲಿಸಿದ ಲೆಕ್ಕ. ಪಟ್ಟಿಯ ಮೇಲಿನ ಬೆಳ್ಳಿ ತನ್ನ ವೋಲ್ಟೇಜನ್ನು ಸುತ್ತಲಿನ ಕ್ಲೋರೈಡ್ ನೋಡಿ ತೀರ್ಮಾನ ಮಾಡುತ್ತದೆ. ಕ್ಲೋರೈಡ್ ಹತ್ತು ಪಟ್ಟು ಬದಲಾದರೆ ಸುಮಾರು 59 ಮಿಲಿವೋಲ್ಟ್ ಸರಿಯುತ್ತದೆ. ನನ್ನ ಕೊನೆಯ ಬಫರ್‌ನಲ್ಲಿ ಬರೀ ಫಾಸ್ಫೇಟ್, ಕ್ಲೋರೈಡ್ ಇದ್ದರೆ ಅದು ತೊಳೆದ ನೀರಿನಿಂದ ಉಳಿದುಬಂದ ಚೂರುಪಾರು ಅಷ್ಟೇ. ಅಂದರೆ ನಾನು 0.2 ಅಂದುಕೊಂಡದ್ದು ಪ್ರತಿ ಸಲವೂ ಬೇರೆ. ಲೀಟರಿಗೆ 0.1 ಮೋಲ್ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿದೆ, ಬೆಳ್ಳಿ ತೆಪ್ಪಗಾಯಿತು.

ಜಾಸ್ತಿ ಸೀಗಡಿ, ಕಡಿಮೆ ಸಿಗ್ನಲ್

ಇದು ಮಾತ್ರ ನನ್ನನ್ನು ನಿಜವಾಗಿ ಹೆದರಿಸಿತು. ಎರಡು ಗಂಟೆ ಜಾಸ್ತಿಯಾಯಿತು ಅಂತ ಸಮಯ ಉಳಿಸೋಕೆ ಹೊರಟಿದ್ದೆ. ಸ್ಯಾಂಪಲ್ ಮತ್ತು ಎಚ್‌ಆರ್‌ಪಿ ಆಂಟಿಬಾಡಿ ಎರಡನ್ನೂ ಒಟ್ಟಿಗೇ ಬೀಡ್‌ಗೆ ಹಾಕಿ ಒಂದೇ ಸಲ ಅರ್ಧ ಗಂಟೆ ಇಟ್ಟೆ. ಕಡಿಮೆ ಪ್ರಮಾಣದಲ್ಲಿ ಚೆನ್ನಾಗೇ ಇತ್ತು. ಒಂದು ದಿನ ಬೇಯಿಸಿದ ಸೀಗಡಿಯ ಸಾರವನ್ನು ತೆಳು ಮಾಡದೆ ಹಾಗೇ ಹಾಕಿದೆ. ಕರೆಂಟ್ ಖಾಲಿ ಬಫರ್‌ಗಿಂತ ಸ್ವಲ್ಪ ಮೇಲೆ, ಅಷ್ಟೇ. ಸೀಗಡಿಯೇ ಆದ ಸ್ಯಾಂಪಲ್! ಸಾವಿರ ಪಟ್ಟು ತೆಳು ಮಾಡಿ ಹಾಕಿದರೆ ಸಿಗ್ನಲ್ ಆಕಾಶಕ್ಕೆ.

ಇದಕ್ಕೆ ಹುಕ್ ಎಫೆಕ್ಟ್ ಅನ್ನುತ್ತಾರೆ. ಟ್ರೋಪೋಮಯೋಸಿನ್ ಅತಿಯಾಗಿದ್ದರೆ ಬೀಡ್‌ನ ಆಂಟಿಬಾಡಿಗೆ ಒಂದಷ್ಟು ಸಿಗುತ್ತದೆ, ಎಚ್‌ಆರ್‌ಪಿ ಆಂಟಿಬಾಡಿಗೆ ಬೇರೊಂದಷ್ಟು ಸಿಗುತ್ತದೆ, ಇಬ್ಬರ ಕೈಯೂ ತುಂಬಿರುವುದರಿಂದ ಇಬ್ಬರೂ ಒಂದೇ ಪ್ರೋಟೀನನ್ನು ಎರಡು ಕಡೆಯಿಂದ ಹಿಡಿಯುವ ಪ್ರಸಂಗವೇ ಬರುವುದಿಲ್ಲ, ತೊಳೆದಾಗ ಎಚ್‌ಆರ್‌ಪಿ ಎಲ್ಲ ನೀರಿನ ಜೊತೆ ಹೊರಟುಹೋಗುತ್ತದೆ. ಅಲರ್ಜಿ ನೋಡುವ ಸೆನ್ಸರ್‌ನಲ್ಲಿ ಇದಕ್ಕಿಂತ ಕೆಟ್ಟ ತಪ್ಪು ಇಲ್ಲ ಅಲ್ವಾ? ಅತಿ ಅಪಾಯದ ಸ್ಯಾಂಪಲ್ಲೇ ‘ಏನಿಲ್ಲ’ ಅನ್ನಿಸಿಕೊಂಡು ಪಾಸಾಗಿಬಿಡುತ್ತದೆ. ಸಮಯ ಉಳಿಸುವ ಆಸೆ ಬಿಟ್ಟೆ. ಮೊದಲು ಸ್ಯಾಂಪಲ್, ತೊಳೆ, ಆಮೇಲೆ ಎಚ್‌ಆರ್‌ಪಿ, ಮತ್ತೆ ತೊಳೆ. ಜೊತೆಗೆ ಪ್ರತಿ ಸ್ಯಾಂಪಲ್ಲನ್ನೂ ಎರಡು ಬೇರೆ ತೆಳುವಿನಲ್ಲಿ ಓಡಿಸುತ್ತೇನೆ. ತೆಳು ಮಾಡಿದ್ದು ಜಾಸ್ತಿ ತೋರಿಸಿದರೆ ಏನೋ ಎಡವಟ್ಟಾಗಿದೆ ಅಂತ ಲೆಕ್ಕ.

ಇದು ಸರಿಯಾಯಿತು ಅನ್ನುವಷ್ಟರಲ್ಲಿ ಉಲ್ಟಾ ಕಾಯಿಲೆ ಶುರು. ಬರೀ ಮೀನಿನ ಸಾರವೂ ಪಾಸಿಟಿವ್. ಈ ಸಲ ಅಂಟುವ ತೊಂದರೆ ಅಲ್ಲ, ಯಾಕೆಂದರೆ ಮೀನನ್ನು ಹೊಸ ಟ್ಯೂಬಿನಲ್ಲಿ ಹೊಸ ಕಡ್ಡಿಯಿಂದ ಕುಟ್ಟಿ ಮಾಡಿದಾಗ ಸೊನ್ನೆ ಬರುತ್ತಿತ್ತು. ಮಿಕ್ಸಿಯಲ್ಲಿ ಅರೆದಾಗ ಮಾತ್ರ ಪಾಸಿಟಿವ್. ಜಾರ್ ಕುದಿಯುವ ನೀರಲ್ಲಿ ತೊಳೆದಿದ್ದೆ. ಆದರೆ ಮೊದಲೇ ಹೇಳಿದೆನಲ್ಲ, ಟ್ರೋಪೋಮಯೋಸಿನ್‌ಗೆ ಕುದಿ ನೀರು ಅಂದರೆ ಅಭ್ಯಂಜನ ಸ್ನಾನ. ಮುಚ್ಚಳದ ರಬ್ಬರ್ ಉಂಗುರ ಬಿಡಿಸಿ, ಬಫರ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಆ ಹತ್ತಿಯನ್ನೇ ಹಿಂಡಿ ಟೆಸ್ಟ್ ಮಾಡಿದೆ. ಕರೆಂಟ್ ಜಿಗಿಯಿತು. ನಿಜ ಹೇಳಬೇಕೆಂದರೆ ಈ ಡಬ್ಬಿ ಮಾಡಿದ ಮೊದಲ ಉಪಯೋಗದ ಕೆಲಸ ಅದೇ, ನನ್ನದೇ ಕೊಳಕು ಹಿಡಿದುಕೊಟ್ಟದ್ದು.

ಸಿಟ್ಟಲ್ಲಿ ಎಲ್ಲವನ್ನೂ ಬ್ಲೀಚ್‌ನಲ್ಲಿ ಅದ್ದಿದೆ, ಹೈಡ್ರೋಕ್ವಿನೋನ್ ಕಲಸುವ ಬೀಕರ್ ಸಮೇತ. ಮಾರನೇ ದಿನ ಬೀಡೇ ಹಾಕದ ಖಾಲಿ ಹನಿಯೂ ಪಾಸಿಟಿವ್. ಬೀಕರಿಗೆ ಅಂಟಿದ್ದ ಬ್ಲೀಚ್ ತಾನೇ ಹೈಡ್ರೋಕ್ವಿನೋನನ್ನು ಆಕ್ಸಿಡೈಸ್ ಮಾಡುತ್ತದೆ, ಎಂಜೈಮ್‌ನ ಹಂಗೇ ಬೇಡ. ಈಗ ಅರೆಯುವ ಸಾಮಾನು ಬೇರೆ, ಕಲಸುವ ಸಾಮಾನು ಬೇರೆ. ಅರೆಯೋದಕ್ಕೆ ಸೋಪಿನಲ್ಲಿ ಉಜ್ಜಿ, ಬ್ಲೀಚ್, ಆಮೇಲೆ ನೀರೋ ನೀರು. ಓಡಿಸೋ ಕ್ರಮವೂ ಖಾಲಿಯಿಂದ ಶುರುವಾಗಿ ಜಾಸ್ತಿ ಇರುವ ಕಡೆಗೆ.

ಈಗಿನ ಸ್ಥಿತಿ

ಒಂದು ಗ್ರಾಂ ಸ್ಯಾಂಪಲ್, 10 ಮಿ.ಲೀ. ಉಪ್ಪು ಜಾಸ್ತಿ ಇರುವ ಬಫರ್, ಅರ್ಧ ಗಂಟೆ ಕಲಕು, ಹತ್ತು ನಿಮಿಷ ಕುದಿಸು, ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿ ತೆಗೆ. ಕುದಿಸಿದರೆ ಬೇರೆ ಪ್ರೋಟೀನ್ ಕೂತುಹೋಗಿ ತಿಳಿ ಚೊಕ್ಕ ಸಿಗುತ್ತದೆ, ಇದೇ ನಾನು ಹೇಳಿದ ಉಪಕಾರ. ಖಾಲಿ ಸ್ಯಾಂಪಲ್‌ಗಳ ಸರಾಸರಿಗೆ ಅವುಗಳ ಏರುಪೇರಿನ ಮೂರು ಪಟ್ಟು ಸೇರಿಸಿ ಗೆರೆ ಎಳೆದರೆ, ನನ್ನ ಡಬ್ಬಿ ಮಿ.ಲೀ.ಗೆ ಒಂದು ನ್ಯಾನೋಗ್ರಾಂ ಹತ್ತಿರ ಕಾಣುತ್ತದೆ. ಲೆಕ್ಕ ಹಾಕಿದರೆ ಗ್ರಾಂಗೆ 10 ನ್ಯಾನೋಗ್ರಾಂ, ಅಂದರೆ ಕಿಲೋಗೆ 0.01 ಮಿಲಿಗ್ರಾಂ. ಆದರೆ ಆ ತಿಳಿಯನ್ನು ಇಪ್ಪತ್ತು ಪಟ್ಟು ತೆಳು ಮಾಡಿಯೇ ಓಡಿಸುವುದರಿಂದ ನಿಜವಾದ ಮಿತಿ ಕಿಲೋಗೆ 0.2 ಮಿಲಿಗ್ರಾಂ. ಈ ಎರಡನೇ ಸಂಖ್ಯೆಯನ್ನೇ ಹೇಳಬೇಕು, ಮೊದಲನೆಯದು ಬರೀ ಜಂಭ.

ಸುರಿಮಿಯ (ಅರೆದ ಮೀನಿನಿಂದ ಮಾಡುವ ತಿನಿಸು) ಎರಡು ಬಗೆ ನೋಡಿದೆ, ಒಂದರ ಚೀಟಿಯಲ್ಲಿ ಏಡಿಯ ಸಾರ ಇದೆ ಅಂತಿತ್ತು, ಇನ್ನೊಂದರಲ್ಲಿ ಬರೀ ಮೀನು. ಮೊದಲನೆಯದು ಪಾಸಿಟಿವ್, ಎರಡನೆಯದು ಗೆರೆಯ ಕೆಳಗೆ. ಗೊತ್ತಿದ್ದಷ್ಟು ಸೀಗಡಿ ಪುಡಿಯನ್ನು ಮೀನಿಗೆ ಬೆರೆಸಿ, ಹಾಕಿದ್ದರಲ್ಲಿ ಎಷ್ಟು ವಾಪಸ್ ಸಿಗುತ್ತದೆ ಅಂತಲೂ ನೋಡಿದೆ. ಬೆರೆಸಿ ಬೇಯಿಸಿದಾಗ ಪರವಾಗಿಲ್ಲ. ಎಣ್ಣೆಯಲ್ಲಿ ಕರಿದಾಗ ಅರ್ಧಕ್ಕಿಂತ ಕಡಿಮೆ. ಪ್ರೋಟೀನ್ ಮಾಯವಾಗಿರಲಿಕ್ಕಿಲ್ಲ, ಕರಿದ ಪದರದಿಂದ ನೀರಿಗೆ ಇಳಿಯುತ್ತಿಲ್ಲ, ಅಥವಾ ಸಕ್ಕರೆ ಅಂಟಿಕೊಂಡು ಆಂಟಿಬಾಡಿಗೆ ಗುರುತು ಸಿಗುತ್ತಿಲ್ಲ. ಹಾಗಾಗಿ ಅಲರ್ಜಿ ಇರುವ ಗೆಳೆಯನೊಬ್ಬ ‘ನಂಗೂ ಒಂದು ಮಾಡಿಕೊಡೋ’ ಅಂದಾಗ ಆಗಲ್ಲ ಅಂದೆ. ಒಂದು ಗ್ರಾಂ ಚಿವುಟಿ ನೋಡಿದರೆ ಪಕ್ಕದ ತುತ್ತಿನಲ್ಲಿ ಏನಿದೆ ಅಂತ ಇದಕ್ಕೆ ಗೊತ್ತಿರುವುದಿಲ್ಲ.

ಮೀನಿಗೆ ಎರಡನೇ ಪಟ್ಟಿ ಶುರು ಮಾಡಿದ್ದೇನೆ, ಪರ್ವಾಲ್ಬುಮಿನ್‌ಗೆ. ಅದು ಕ್ಯಾಲ್ಸಿಯಂ ಹಿಡಿದುಕೊಂಡಿರುವ ಪ್ರೋಟೀನ್, ಕ್ಯಾಲ್ಸಿಯಂ ಕಳಚಿದರೆ ಆಕಾರ ಬದಲಾಗಿ ಕೆಲವು ಆಂಟಿಬಾಡಿಗಳಿಗೆ ಗುರುತೇ ಸಿಗುವುದಿಲ್ಲ. ನನ್ನ ಹಳೆಯ ಬಫರ್‌ನಲ್ಲಿ ಇಡಿಟಿಎ ಇತ್ತು, ಕ್ಯಾಲ್ಸಿಯಂ ಎಲ್ಲ ಅದೇ ನುಂಗುತ್ತಿತ್ತು. ಅದನ್ನು ತೆಗೆದು ಕ್ಯಾಲ್ಸಿಯಂ ಹಾಕಿದೆ, ಫಾಸ್ಫೇಟ್ ಜೊತೆ ಸೇರಿ ಸುಣ್ಣದ ನೀರಿನ ಹಾಗೆ ಬೆಳ್ಳಗಾಯಿತು. ಫಾಸ್ಫೇಟ್ ಇಲ್ಲದ ಟ್ರಿಸ್ ಬಫರ್‌ಗೆ ಬದಲಾಯಿಸಿದೆ. ಕಾಡ್ ಮೀನು ಈಗ ಚೆನ್ನಾಗಿ ಕಾಣುತ್ತದೆ. ಟ್ಯೂನಾದಲ್ಲಿ ಪರ್ವಾಲ್ಬುಮಿನ್ನೇ ತೀರಾ ಕಡಿಮೆ, ಪಟ್ಟಿ ಅದನ್ನು ಮೀನು ಅಂತಲೇ ಒಪ್ಪುತ್ತಿಲ್ಲ. ಈ ವಾರ ಅದರ ತಿಳಿಯನ್ನು ತೆಳು ಮಾಡದೆ ಓಡಿಸಿ ನೋಡುತ್ತಿದ್ದೇನೆ.